ಗೋಕಾಕ್, ವಿನಾಯಕ ಕೃಷ್ಣ (1909–1992)

ಕನ್ನಡದ ಕವಿ, ಕಾದಂಬರಿಕಾರ, ಕಾವ್ಯಮೀಮಾಂಸಕ. ಕಾವ್ಯನಾಮ ‘ವಿನಾಯಕ’. ಕಲ್ಪನೆಯ ಸ್ವರೂಪವನ್ನು ಜೀವನವಿಡೀ ಅಭ್ಯಾಸ ಮಾಡಿದವರು.

ಜೀವನ: ಈಗ ಹಾವೇರಿ ಜಿಲ್ಲೆಯಲ್ಲಿರುವ ಸವಣೂರಿನಲ್ಲಿ 1909ರ ಆಗಸ್ಟ್ 9ರಂದು ಜನನ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದುವಾಗ ಕವಿ ಬೇಂದ್ರೆಯವರ ಸಾಹಿತ್ಯಕೂಟ ‘ಗೆಳೆಯರ ಗುಂಪಿ’ಗೆ ಸೇರಿದರು. 1936ರಲ್ಲಿ ಆಕ್ಸ್‌ಫರ್ಡಿಗೆ ತೆರಳಿ 1938ರಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು. ಇಂಗ್ಲಿಷ್ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, 1983ರಿಂದ 1988ರವರೆಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿ ದುಡಿದರು. 1958ರ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಅವರೇ. ಶಾಲೆಗಳಲ್ಲಿ ಕನ್ನಡದ ಸ್ಥಾನ ಕುರಿತ ‘ಗೋಕಾಕ್ ವರದಿ’ 1980ರ ದಶಕದ ಕನ್ನಡ ಚಳವಳಿಗೆ ಕಾರಣವಾಯಿತು.

ಕಾವ್ಯ: ಕಡಲಯಾನದ ಅನುಭವದಿಂದ ಹುಟ್ಟಿದ ‘ಸಮುದ್ರಗೀತೆಗಳು’ ಕನ್ನಡಕ್ಕೆ ಮುಕ್ತಛಂದವನ್ನು ಒಗ್ಗಿಸಿದ ಕೃತಿಗಳಲ್ಲೊಂದು. ಆಗಸ ಮತ್ತು ನೆಲಗಳನ್ನು ಹಾಡಿದ ‘ದ್ಯಾವಾಪೃಥಿವೀ’ಗೆ 1960ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ವಿಶ್ವಾಮಿತ್ರನ ಕಥೆಯ ಮಹಾಕಾವ್ಯ ‘ಭಾರತ ಸಿಂಧು ರಶ್ಮಿ’ ಅವರ ಕೊನೆಯ ದೊಡ್ಡ ಸಾಧನೆ. ಜ್ಞಾನಪೀಠ ಪ್ರಶಸ್ತಿ 1990ರದು.

ಚಿಂತನೆ: ಸಮನ್ವಯವೇ ಗೋಕಾಕರ ಚಿಂತನೆಯ ತಿರುಳು. ವೈರುಧ್ಯಗಳನ್ನು ಬೆಸೆಯುವ ಶಕ್ತಿಯೇ ಕಲ್ಪನೆ ಎಂದ ಇಂಗ್ಲಿಷ್ ಕವಿ ಕೋಲ್‌ರಿಜ್‌ನ ಸೌಂದರ್ಯಮೀಮಾಂಸೆಯನ್ನು ಕುರಿತು ಗ್ರಂಥ ಬರೆದರು. ಅರವಿಂದರ ಪೂರ್ಣದೃಷ್ಟಿಯನ್ನು ಕಾವ್ಯವಿಚಾರಕ್ಕೆ ಅನ್ವಯಿಸಿದರು. ಬುದ್ಧಿ, ಭಾವ, ಅಂತಃಸ್ಫುರಣೆ ಒಂದನ್ನೊಂದು ಅಲ್ಲಗಳೆಯುವುದಿಲ್ಲ, ದೊಡ್ಡ ಕಾವ್ಯದಲ್ಲಿ ಅವು ಒಂದಾಗುತ್ತವೆ ಎಂಬುದು ಅವರ ನಿಲುವು. ಇದಕ್ಕೆ ಎದುರಾದ ನಿಲುವು ತಳೆದ ಫ್ರಾನ್ಸಿನ ಗಾಸ್ತೋ ಬಾಶ್ಲಾರ್ (1884–1962) ಬೆಂಕಿ, ನೀರು, ಗಾಳಿ, ಮಣ್ಣುಗಳ ಕಲ್ಪನೆಯನ್ನು ಕುರಿತು ಸಾಲುಸಾಲಾಗಿ ಪುಸ್ತಕ ಬರೆದ. ಅಂಚೆ ಕಚೇರಿಯ ನೌಕರನಾಗಿದ್ದು, ಮುಂದೆ ಭೌತ, ರಸಾಯನ ಶಾಸ್ತ್ರಗಳ ಮಾಸ್ತರನಾಗಿ, ಕಡೆಗೆ ಸೊರ್ಬೋನಿನಲ್ಲಿ ವಿಜ್ಞಾನದ ತತ್ತ್ವಶಾಸ್ತ್ರ ಕಲಿಸಿದವನು ಅವನು. ಬೆಂಕಿಯ ಮೋಹಕ ಚಿತ್ರಗಳೇ ಬೆಂಕಿಯ ವಿಜ್ಞಾನಕ್ಕೆ ತಡೆಯಾದುವೆಂದು ತೋರಿಸಿ, ವಿಜ್ಞಾನ ಮತ್ತು ಕಾವ್ಯ ಎದುರುಬದುರಿನ ದಿಕ್ಕುಗಳು, ಎರಡನ್ನೂ ಬೇರೆಬೇರೆಯಾಗಿಯೇ ಪ್ರೀತಿಸಬೇಕು ಎಂದ. ಬಾಶ್ಲಾರ್ ಬೇರ್ಪಡಿಸಿದ್ದನ್ನು ಗೋಕಾಕರು ಕೂಡಿಸಲು ಬಯಸಿದರು.

ಸ್ಥಾನ: ಕನ್ನಡದಲ್ಲಿ ‘ನವ್ಯ’ ಕಾವ್ಯಕ್ಕೆ ಮೊದಲು ದನಿ ಎತ್ತಿದವರು ಗೋಕಾಕರಾದರೂ, ಮುಂದೆ ಆ ಕಾವ್ಯ ಗೋಪಾಲಕೃಷ್ಣ ಅಡಿಗರ ಕೈಯಲ್ಲಿ ಸಮನ್ವಯವನ್ನು ಬಿಟ್ಟು ಸಂಘರ್ಷದ ಹಾದಿ ಹಿಡಿಯಿತು. ಹಾಗಾಗಿ ಅವರ ಕಾವ್ಯಕ್ಕಿಂತ ಕಾವ್ಯವಿಚಾರವೇ ಇಂದು ಹೆಚ್ಚು ಮರುಓದಿಗೆ ಅರ್ಹವಾಗಿದೆ.