ಮಗುವಿನ ಮಾತಿಗೆ ಕಿವಿಗೊಡೋಣ

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಅಧ್ಯಯನದ ಇತಿಹಾಸವು, ಮಕ್ಕಳ ಮಾತನ್ನು ಹಿರಿಯರು ನಂಬದೇ ಹೋದ ಇತಿಹಾಸವೂ ಹೌದು.

1857ರಲ್ಲಿ ಪ್ಯಾರಿಸ್ಸಿನ ನ್ಯಾಯವೈದ್ಯ ಆಂಬ್ರುವಾಜ್ ತಾರ್ದಿಯೂ ಇಂತಹ ನೂರಾರು ಪ್ರಕರಣಗಳನ್ನು ಗ್ರಂಥರೂಪದಲ್ಲಿ ದಾಖಲಿಸಿದರು. ಅವರ ನಂತರದ ಕೆಲವು ವೈದ್ಯರು ಮಕ್ಕಳೇ ಸುಳ್ಳಾಡುತ್ತಾರೆಂದು ವಾದಿಸಿದರು. 1896ರಲ್ಲಿ ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್, ಹಿಸ್ಟೀರಿಯಾಕ್ಕೆ ಬಾಲ್ಯದ ಲೈಂಗಿಕ ಶೋಷಣೆಯೇ ಮೂಲವೆಂದರು. ಮರುವರ್ಷವೇ ಆ ವಾದದಲ್ಲಿ ನಂಬಿಕೆ ಕಳೆದುಕೊಂಡರು.

ಧರ್ಮಸಭೆಯೂ ಈ ದೋಷದಿಂದ ಹೊರತಾಗಿರಲಿಲ್ಲ. ಅಮೆರಿಕದ ಧರ್ಮಾಧ್ಯಕ್ಷರೇ ಮಾಡಿಸಿದ 2004ರ ಅಧ್ಯಯನದಂತೆ, 1950ರಿಂದ 2002ರವರೆಗೆ 4,392 ಯಾಜಕರ ಮೇಲೆ ಆರೋಪಗಳಿದ್ದವು. ಈ ಮಾಹಿತಿ ದೊರೆತದ್ದು ಧರ್ಮಕ್ಷೇತ್ರಗಳ ಕಡತಗಳಿಂದಲೇ. ಗುರುವಾದ ನಾನು ಇದನ್ನು ತಲೆತಗ್ಗಿಸಿ ಬರೆಯುತ್ತಿದ್ದೇನೆ.

ನಮ್ಮ ದೇಶದಲ್ಲಿ, ಕೇಂದ್ರ ಸರ್ಕಾರದ 2007ರ ಅಧ್ಯಯನವು 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಿತು. ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದ್ದರು. ಹೆಚ್ಚಿನವರು ಅದನ್ನು ಯಾರಿಗೂ ಹೇಳಿರಲಿಲ್ಲ. 2012ರ ಪೋಕ್ಸೋ ಕಾಯ್ದೆಯು ಮಗುವಿನ ಹೇಳಿಕೆಯನ್ನು ಠಾಣೆಗೆ ಎಳೆಯದೆ, ಅದರ ಮನೆಯಲ್ಲಿಯೋ ಅದು ಬಯಸಿದ ಕಡೆಯಲ್ಲಿಯೋ ಪಡೆಯಬೇಕೆಂದು ವಿಧಿಸಿತು.

ಕಾನೂನಿಗಿಂತ ಮೊದಲು ಮಗು ಬರುವುದು ನಮ್ಮ ಬಳಿಗೆ. ಅಂದು "ಮನೆಯ ಮರ್ಯಾದೆ" ಎಂದು ಅದರ ಬಾಯಿ ಮುಚ್ಚಿಸದಿರೋಣ. "ತಪ್ಪು ನಿನ್ನದಲ್ಲ, ಕಂದಾ" ಎಂಬ ಮಾತೇ ಸಾಂತ್ವನದ ಮೊದಲ ಹೆಜ್ಜೆ.