ಡಾಕ್ಟರೂ ಅಲ್ಲ, ಕಾಂಪೌಂಡರೂ ಅಲ್ಲ

ಸಿರುಗುಪ್ಪ ತಾಲೂಕಿನ ಕರೂರು ಕಡೆ ಆರ್‌ಎಂಪಿ ಅಂದ್ರೆ ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ನಾಟಿ ಟೈಮಲ್ಲಿ ಜ್ವರ ಬಂದರೆ "ಆರ್‌ಎಂಪಿ ಹತ್ರ ಒಂದು ಸೂಜಿ ಮಾಡಿಸ್ಕೊಂಡು ಬಾ, ಸಂಜಿಗೆ ಆರಾಮಾಗ್ತೈತಿ" ಅಂತಾರೆ. ಬೈಕಿಗೆ ಬ್ಯಾಗು ನೇತುಹಾಕಿಕೊಂಡು ಬರುವ, ಎಲ್ಲೋ ಕಾಂಪೌಂಡರ್ ಆಗಿದ್ದು ಕೆಲಸ ಕಲಿತ, ಡಿಗ್ರಿ ಇಲ್ಲದ ಮನುಷ್ಯ. ಸರ್ಕಾರಿ ಭಾಷೆಯಲ್ಲಿ ನಕಲಿ ವೈದ್ಯ. ತಮಾಷೆ ಏನಂದ್ರೆ, ಆರ್‌ಎಂಪಿಯ ಪೂರ್ತಿ ರೂಪ ರಿಜಿಸ್ಟರ್ಡ್ ಮೆಡಿಕಲ್ ಪ್ರಾಕ್ಟೀಷನರ್. ನೋಂದಣಿ ಆಗಿರೋ ವೈದ್ಯ! ಕಾನೂನಿನ ಪ್ರಕಾರ ಆ ಹೆಸರು ಸಲ್ಲಬೇಕಾದ್ದು ಬಳ್ಳಾರಿ ಮೆಡಿಕಲ್ ಕಾಲೇಜಿನಂಥ ಕಡೆ ಎಂಬಿಬಿಎಸ್ ಮುಗಿಸಿ ರಿಜಿಸ್ಟರ್ ಆದವರಿಗೆ.

ಹೆಸರು ಹೀಗೆ ತಲೆಕೆಳಗಾದ ಕತೆ ಹುಡುಕಲು ಮದರಾಸಿಗೆ ಹೋಗಬೇಕು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ನಮ್ಮ ಕಡೆಯ ಕಾಯ್ದೆ-ಕಾನೂನೆಲ್ಲ ಅಲ್ಲಿಂದಲೇ ಬರ್ತಿದ್ದವು. ಮದರಾಸು ವೈದ್ಯಕೀಯ ನೋಂದಣಿ ಕಾಯ್ದೆ ಬಂದಿದ್ದು 1914ರಲ್ಲಿ. ಎರಡು ವರ್ಷದ ನಂತರ ಇನ್ನೊಂದು ಕಾಯ್ದೆ ಬಂದು, ಇಲ್ಲದ ಡಿಗ್ರಿಯನ್ನು ಹೆಸರಿನ ಮುಂದೆ ಹಾಕಿಕೊಳ್ಳೋದು ಅಪರಾಧ ಆಯ್ತು.

ಆಗ ರಿಜಿಸ್ಟರಿನಲ್ಲಿ ಎರಡು ಥರದ ಡಾಕ್ಟರುಗಳಿದ್ದರು. ಕಾಲೇಜಿನಲ್ಲಿ ಓದಿದ ಪದವೀಧರರು ಒಂದು ಕಡೆ. ಮೆಡಿಕಲ್ ಸ್ಕೂಲಿನಲ್ಲಿ ಕಡಿಮೆ ವರ್ಷ ಓದಿ ಬಂದ ಲೈಸೆನ್ಷಿಯೇಟರು ಇನ್ನೊಂದು ಕಡೆ; ಇವರ ಬೋರ್ಡಿನ ಮೇಲೆ ಎಲ್‌ಎಂಪಿ ಅಂತ ಇರ್ತಿತ್ತು. ಸರ್ಕಾರಿ ನೌಕರಿಗೆ ಸೇರಿದರೆ ಪದವೀಧರ ಅಸಿಸ್ಟೆಂಟ್ ಸರ್ಜನ್, ಎಲ್‌ಎಂಪಿ ಸಬ್ ಅಸಿಸ್ಟೆಂಟ್ ಸರ್ಜನ್. ಅದಕ್ಕೂ ಮೊದಲು ಈ ಎರಡನೆಯವರನ್ನು ಹಾಸ್ಪಿಟಲ್ ಅಸಿಸ್ಟೆಂಟ್ ಅಂತಿದ್ದರು, ಇನ್ನೂ ಹಿಂದೆ ನೇಟಿವ್ ಡಾಕ್ಟರ್. ಕೆಲಸ ಹೆಚ್ಚು ಕಡಿಮೆ ಅದೇ, ಡೆಸಿಗ್ನೇಷನ್ ಮಾತ್ರ ಬದಲು. ಅಪ್ರೈಸಲ್ ಹೊತ್ತಿಗೆ ಸಂಬಳದ ಬದಲು ಡೆಸಿಗ್ನೇಷನ್ ತಗೊಂಡು ಬರೋ ನಮ್ಮ ಕಂಪನಿಗಳ ಜನಕ್ಕೆ ಇದು ಚೆನ್ನಾಗಿ ಅರ್ಥವಾಗುತ್ತೆ.

ಆದರೆ ತಾಲೂಕಿನ ಡಿಸ್ಪೆನ್ಸರಿಗಳನ್ನು ನಡೆಸ್ತಿದ್ದೋರು ಹೆಚ್ಚಾಗಿ ಈ ಎರಡನೇ ದರ್ಜೆಯವರೇ. 1933ರಲ್ಲಿ ಇಂಡಿಯನ್ ಮೆಡಿಕಲ್ ಕೌನ್ಸಿಲ್ ಕಾಯ್ದೆ ಬಂದಾಗ ದೇಶಮಟ್ಟದ ಮಾನ್ಯತೆ ಪದವೀಧರರಿಗೆ ಮಾತ್ರ ಅಂತಾಯ್ತು, ಲೈಸೆನ್ಷಿಯೇಟರನ್ನು ಹೊರಗೇ ಬಿಟ್ಟರು. ಮದರಾಸಿನ ರಾಯಪುರಂನ ಮೆಡಿಕಲ್ ಸ್ಕೂಲು 1938ರಲ್ಲಿ ಸ್ಟಾನ್ಲಿ ಮೆಡಿಕಲ್ ಕಾಲೇಜಾಯಿತು. ಸ್ಕೂಲುಗಳ ಕಾಲ ಮುಗೀತಾ ಬಂದಿತ್ತು.

ಕೊನೆಯ ತೀರ್ಪು ಭೋರ್ ಸಮಿತಿಯದು. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಈ ಸಮಿತಿಯ ಲೆಕ್ಕದಲ್ಲಿ ಬ್ರಿಟಿಷ್ ಇಂಡಿಯಾದ ನೋಂದಾಯಿತ ವೈದ್ಯರು 47,524. ಅವರಲ್ಲಿ ಪದವೀಧರರು 17,654, ಲೈಸೆನ್ಷಿಯೇಟರು 29,870. ಅಂದ್ರೆ ನೂರಕ್ಕೆ 63 ಡಾಕ್ಟರುಗಳು ಎಲ್‌ಎಂಪಿ ಥರದವರು. ಅದನ್ನು ನೋಡಿಯೂ ಸಮಿತಿಯ ಬಹುಮತ ಹೇಳಿದ್ದು: ಇನ್ನು ಮುಂದೆ ದೇಶಕ್ಕೆ ಒಂದೇ ಥರದ ಡಾಕ್ಟರು ಸಾಕು. ಕೆಲವು ಸದಸ್ಯರು ಒಪ್ಪಲಿಲ್ಲ. ಡಾಕ್ಟರುಗಳೇ ಸಾಲದ ದೇಶದಲ್ಲಿ ಇರೋ ಕೋರ್ಸು ಯಾಕೆ ಮುಚ್ಚಬೇಕು ಅನ್ನೋದು ಅವರ ಪ್ರಶ್ನೆ.

ಬಹುಮತದವರನ್ನು ಬೈಯೋದು ಸುಲಭ. ಆದರೆ ಪಟ್ಟಣಕ್ಕೆ ಪೂರ್ತಿ ಡಾಕ್ಟರು, ಹಳ್ಳಿಗೆ ಅರ್ಧ ಡಾಕ್ಟರು ಅನ್ನೋದು ಅನ್ಯಾಯ ಅಂತ ಅವರು ನಂಬಿದ್ದರು, ಅದು ಸುಳ್ಳಲ್ಲ. ಯಡವಟ್ಟಾಗಿದ್ದು ಬೇರೆ ಕಡೆ. ಹಳೇ ಬಾವಿ ಮುಚ್ಚಿಯೇಬಿಟ್ಟರು, ಹೊಸ ಬಾವಿಯಲ್ಲಿ ನೀರು ಬಂತೋ ಅಂತ ನೋಡಲಿಲ್ಲ. ಇದ್ದ ಎಲ್‌ಎಂಪಿಗಳು ಕಂಡೆನ್ಸ್ಡ್ ಕೋರ್ಸ್ ಮಾಡಿ ಎಂಬಿಬಿಎಸ್ ಆಗೋಕೆ ದಾರಿ ಕೊಟ್ಟರು, ಹೊಸಬರು ಬರಲಿಲ್ಲ. ನಮ್ಮ ಜಿಲ್ಲೆಗೆ ಮೆಡಿಕಲ್ ಕಾಲೇಜು ಬಂದಿದ್ದೇ 1961ರಲ್ಲಿ. ಅಲ್ಲಿ ಓದಿದವರೂ ಹಳ್ಳಿಗೆ ಬಂದಿದ್ದು ಅಷ್ಟಕ್ಕಷ್ಟೇ. ಖಾಲಿ ಕುರ್ಚಿ ಖಾಲಿಯಾಗೇ ಇರಲ್ಲ. ಎಲ್‌ಎಂಪಿಯ ಜಾಗದಲ್ಲಿ ಇವತ್ತಿನ ಆರ್‌ಎಂಪಿ ಬಂದು ಕೂತ, ಹೆಸರಿನ ಮೊದಲಕ್ಷರ ಮಾತ್ರ ಬೇರೆ ಅನ್ನೋದು ನನ್ನ ಊಹೆ.

ನಾವು ಮುಚ್ಚಿದ್ದನ್ನು ಅಮೆರಿಕ 1965ರಲ್ಲಿ ಶುರು ಮಾಡಿತು. ಡ್ಯೂಕ್ ವಿಶ್ವವಿದ್ಯಾಲಯದ ಡಾ. ಯುಜೀನ್ ಸ್ಟೆಡ್, ನೌಕಾಪಡೆಯಲ್ಲಿ ಗಾಯಾಳುಗಳನ್ನು ನೋಡಿಕೊಂಡಿದ್ದವರನ್ನು ಸೇರಿಸಿಕೊಂಡು ಫಿಸಿಷಿಯನ್ ಅಸಿಸ್ಟೆಂಟ್ ಕೋರ್ಸು ತೆಗೆದರು. ಅದು 1992ರಲ್ಲಿ ಡಾ. ಕೆ.ಎಂ. ಚೆರಿಯನ್ ಮೂಲಕ ಮದ್ರಾಸ್ ಮೆಡಿಕಲ್ ಮಿಷನ್‌ಗೆ ಬಂತು. ಅದೇ ಮದರಾಸು! ಈ ಸಲ ಮಾತ್ರ ಹಳ್ಳಿಗಲ್ಲ, ಹೃದಯ ಶಸ್ತ್ರಚಿಕಿತ್ಸೆಯ ದೊಡ್ಡ ಆಸ್ಪತ್ರೆಗೆ. ಇವರಿಗೆ ಕಾನೂನಿನ ಜಾಗ ಸಿಕ್ಕಿದ್ದು 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಕಾಯ್ದೆಯಲ್ಲಿ, ಫಿಸಿಷಿಯನ್ ಅಸೋಸಿಯೇಟ್ ಅನ್ನೋ ಹೆಸರಲ್ಲಿ. ಅದೇ ವರ್ಷ ಅಮೆರಿಕದ ಅವರ ಸಂಘವೂ ಅಸಿಸ್ಟೆಂಟ್ ಬಿಟ್ಟು ಅಸೋಸಿಯೇಟ್ ಆಯ್ತು. ಬ್ರಿಟನ್ನಿನಲ್ಲಿ ಉಲ್ಟಾ: ರೋಗಿಗಳು ಇವರನ್ನೇ ಡಾಕ್ಟರು ಅನ್ಕೋತಿದ್ದಾರೆ, ವಾಪಸ್ ಅಸಿಸ್ಟೆಂಟ್ ಮಾಡಿ ಅಂತ 2025ರಲ್ಲಿ ಲೆಂಗ್ ವರದಿ ಹೇಳಿತು.

ನಮ್ಮ ಹಳ್ಳಿಗಳಲ್ಲೂ ಬೋರ್ಡು ಬದಲಾಗ್ತಿದೆ. ಕಿರಿಯ ಆರೋಗ್ಯ ಸಹಾಯಕಿ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಉಪಕೇಂದ್ರಕ್ಕೆ ಬರೋ ನರ್ಸು ಸಮುದಾಯ ಆರೋಗ್ಯಾಧಿಕಾರಿ. ಜನ ಇಬ್ಬರನ್ನೂ "ಸಿಸ್ಟರ್" ಅಂತಲೇ ಕರೀತಾರೆ.

ಇನ್ನು 2019ರ ನ್ಯಾಷನಲ್ ಮೆಡಿಕಲ್ ಕಮಿಷನ್ ಕಾಯ್ದೆಯ 32ನೇ ಸೆಕ್ಷನ್ನು ಡಾಕ್ಟರಲ್ಲದ ಕಮ್ಯುನಿಟಿ ಹೆಲ್ತ್ ಪ್ರೊವೈಡರ್‌ಗಳಿಗೆ ಸೀಮಿತ ಲೈಸೆನ್ಸ್ ಕೊಡಬಹುದು ಅನ್ನುತ್ತೆ. ಅವರ ಸಂಖ್ಯೆ ನೋಂದಾಯಿತ ವೈದ್ಯರ ಮೂರನೇ ಒಂದು ಭಾಗ ದಾಟಬಾರದು. ಪ್ರಾಥಮಿಕ ಮತ್ತು ರೋಗ ತಡೆಯುವ ಆರೈಕೆಯಲ್ಲಿ ಮಾತ್ರ, ಗೊತ್ತುಮಾಡಿದ ಔಷಧಿಗಳನ್ನು ಸ್ವತಂತ್ರವಾಗಿ ಬರೆಯಬಹುದು. ಉಳಿದದ್ದಕ್ಕೆ ಡಾಕ್ಟರ ಮೇಲ್ವಿಚಾರಣೆ ಬೇಕು. ಇದು ನಕಲಿ ವೈದ್ಯರಿಗೆ ಬಾಗಿಲು ತೆಗೆದಂತೆ ಅಂತ ಐಎಂಎ ಆ ವರ್ಷ ಜುಲೈ 31ರಂದು ದೇಶದಾದ್ಯಂತ ಮುಷ್ಕರ ಮಾಡಿತು. ಆ ಭಯಕ್ಕೆ ಕಾರಣ ಇಲ್ಲದಿಲ್ಲ. ಆದರೆ 1946ರ ಆ ಕೆಲವರ ಪ್ರಶ್ನೆಗೆ ಮುಷ್ಕರದವರೂ ಉತ್ತರ ಕೊಡಲಿಲ್ಲ.