ರಾಜಾಜ್ಞೆಯೂ ವಾದ್ಯಮೇಳವೂ

ಪ್ರಭುಗಳ ಕೀರ್ತಿಯನ್ನು ಕಲಾವಿದರ ಮುಖದಿಂದ ಹಾಡಿಸುವುದು ಪುರಾತನವಾದ ಪದ್ಧತಿ. ಪಂಪನು ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ಕಲ್ಪಿಸಿ ಭಾರತದ ಕಥೆಯನ್ನು ಹೇಳಿದುದು ಕನ್ನಡಿಗರಿಗೆಲ್ಲ ವಿದಿತವಾದ ಸಂಗತಿ. ಅರಿಕೇಸರಿಯ ರಾಜ್ಯವು ಅಳಿಯಿತು, ಕಾವ್ಯವು ಉಳಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಇಂತಹ ಕಾರ್ಯದ ಭಾರವು ಬಹುಮಟ್ಟಿಗೆ ಚಲಚ್ಚಿತ್ರದ ಮೇಲೂ, ಅದರೊಡನೆ ನುಡಿಯುವ ವಾದ್ಯಮೇಳದ ಮೇಲೂ ಬಿದ್ದಿತು. ರಷ್ಯಾದೇಶದ ಇಬ್ಬರು ಕಲಾವಿದರ ಚರಿತ್ರೆಯು ಇದಕ್ಕೆ ಸ್ಪಷ್ಟವಾದ ನಿದರ್ಶನವಾಗಿದೆ.

ನಿರ್ದೇಶಕನಾದ ಸೆರ್ಗೆಯ್ ಐಸೆನ್‌ಸ್ಟೈನನು 1925ರ ‘ಯುದ್ಧನೌಕೆ ಪೊಟೆಮ್‌ಕಿನ್’ ಚಿತ್ರದಿಂದ ಜಗದ್ವಿಖ್ಯಾತನಾಗಿದ್ದನು. ಆದರೆ 1937ರಲ್ಲಿ ಆತನ ಒಂದು ಚಿತ್ರವನ್ನು ಅಧಿಕಾರಿಗಳು ನಡುವೆಯೇ ನಿಲ್ಲಿಸಿದರು. ಸ್ಟಾಲಿನ್ನನ ಆಳಿಕೆಯಲ್ಲಿ ಲಕ್ಷಾಂತರ ಜನರು ಸೆರೆಮನೆಗೂ ಮರಣದಂಡನೆಗೂ ಗುರಿಯಾಗುತ್ತಿದ್ದ ಕಾಲವದು. ಅಂತಹ ಸಮಯದಲ್ಲಿ ಆತನ ಕೈಗೆ ಬಂದುದು ‘ಅಲೆಕ್ಸಾಂಡರ್ ನೆವ್‌ಸ್ಕಿ’ ಎಂಬ ಚಿತ್ರ. 1242ರಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಜರ್ಮನ್ ಧರ್ಮಯೋಧರನ್ನು ಸೋಲಿಸಿದ ರಾಜಕುಮಾರನ ಕಥೆಯಿದು. ಕಥೆಯು ಏಳುನೂರು ವರ್ಷಗಳಷ್ಟು ಹಳೆಯದಾದರೂ ಅದರಲ್ಲಿದ್ದ ಎಚ್ಚರಿಕೆಯು ಹಿಟ್ಲರನನ್ನು ಉದ್ದೇಶಿಸಿತ್ತೆಂಬುದು ನೋಡಿದವರಿಗೆಲ್ಲ ತಿಳಿಯುವಂತಿತ್ತು.

ಸಂಗೀತವನ್ನು ರಚಿಸಲು ಸೆರ್ಗೆಯ್ ಪ್ರೊಕೋಫಿಯೆವನನ್ನು ಕರೆದರು. ಈತನು 1918ರಲ್ಲಿ ಸ್ವದೇಶವನ್ನು ಬಿಟ್ಟು, ಅಮೆರಿಕ ಫ್ರಾನ್ಸ್ ಮೊದಲಾದೆಡೆಗಳಲ್ಲಿ ಕೀರ್ತಿಯನ್ನು ಗಳಿಸಿ, 1936ರಲ್ಲಿ ಮಾಸ್ಕೋವಿಗೆ ಹಿಂದಿರುಗಿ ನೆಲಸಿದ್ದನು. ಇವರಿಬ್ಬರ ಕಾರ್ಯಕ್ರಮವು ಅಪೂರ್ವವಾದುದು. ಕೆಲವು ದೃಶ್ಯಗಳಿಗೆ ಚಿತ್ರವನ್ನು ನೋಡಿ ಸಂಗೀತವನ್ನು ಬರೆದರೆ, ಮತ್ತೆ ಕೆಲವೆಡೆ ಸಂಗೀತವು ಮೊದಲು ಸಿದ್ಧವಾಗಿ, ಅದರ ಗತಿಗೆ ಚಿತ್ರವನ್ನು ಹೊಂದಿಸಲಾಯಿತು. ರಾತ್ರಿ ಚಿತ್ರದ ತುಣುಕನ್ನು ನೋಡಿ ಹೋದ ಪ್ರೊಕೋಫಿಯೆವನು ಮರುದಿನ ಮಧ್ಯಾಹ್ನದ ವೇಳೆಗೆ ಸ್ವರಲಿಪಿಯನ್ನು ತಂದೊಪ್ಪಿಸುತ್ತಿದ್ದನೆಂದು ಐಸೆನ್‌ಸ್ಟೈನನೇ ಬರೆದಿಟ್ಟಿದ್ದಾನೆ. ಹಿಮದ ಮೇಲಣ ಕದನವನ್ನು 1938ರ ಬೇಸಗೆಯಲ್ಲಿ, ಸೀಮೆಸುಣ್ಣವೇ ಮೊದಲಾದ ವಸ್ತುಗಳಿಂದ ಕೃತಕ ಹಿಮವನ್ನು ಹಾಸಿ, ಚಿತ್ರಿಸಿದರು. ಆ ಬಿಸಿಲಿನ ನೆಲದಲ್ಲಿ ಚಳಿಯನ್ನೂ ಭಯವನ್ನೂ ಹುಟ್ಟಿಸಿದುದರಲ್ಲಿ ವಾದ್ಯಮೇಳದ ಪಾಲು ದೊಡ್ಡದು.

ಹದಿಮೂರನೆಯ ಶತಮಾನದ ನಿಜವಾದ ಚರ್ಚುಗಾನವು ಇಂದಿನ ಪ್ರೇಕ್ಷಕನ ಮನಸ್ಸನ್ನು ಕಲಕಲಾರದಷ್ಟು ದೂರವಾಗಿದೆಯೆಂದು ಬಗೆದು, ಪ್ರೊಕೋಫಿಯೆವನು ಆ ಯೋಧರ ಗಾನವನ್ನು ಈ ಕಾಲದ ಕಿವಿಯು ಹೇಗೆ ಕಲ್ಪಿಸಿಕೊಳ್ಳುವುದೋ ಹಾಗೆ ರಚಿಸಿದನು. ಕಹಳೆಯನ್ನು ಧ್ವನಿಗ್ರಾಹಕ ಯಂತ್ರಕ್ಕೆ ಅತಿಸಮೀಪದಲ್ಲಿ ಊದಿದರೆ ಸ್ವರವು ಒಡೆದು ಕರ್ಕಶವಾಗುತ್ತದೆ. ಇತರರು ದೋಷವೆಂದು ಪರಿಹರಿಸುತ್ತಿದ್ದ ಇದನ್ನು ಆತನು ಗುಣವಾಗಿ ಮಾಡಿಕೊಂಡು, ಶತ್ರುಗಳ ಕಹಳೆಗೆ ಕ್ರೌರ್ಯದ ಧ್ವನಿಯನ್ನು ಕೊಟ್ಟನು. ಇಷ್ಟೇ ಆಗಿದ್ದರೆ ಅದು ಆಜ್ಞೆಗೆ ತಕ್ಕ ವೀರರಸದ ಘೋಷವಾಗಿ ಮುಗಿಯುತ್ತಿತ್ತು. ಆದರೆ ಯುದ್ಧವು ಮುಗಿದ ಮೇಲೆ ಬೇರೊಂದು ಧ್ವನಿಯು ಏಳುತ್ತದೆ. ಸತ್ತವರ ನಡುವೆ ತನ್ನವರನ್ನು ಹುಡುಕುವ ಹೆಣ್ಣೊಬ್ಬಳ ಶೋಕಗೀತವದು. ಅಲ್ಲಿ ಕಹಳೆಗಳ ಗರ್ಜನೆಯಿಲ್ಲ, ಮಂದ್ರವಾದ ಸ್ತ್ರೀಕಂಠವೊಂದೇ ಮುಂದೆ ನಿಲ್ಲುತ್ತದೆ. ವೀರವು ರಾಜ್ಯದ ಬೇಡಿಕೆ. ಈ ಕರುಣವು ಕಲಾವಿದನ ಸ್ವಂತ ಕಾಣಿಕೆ.

ಚಿತ್ರವು 1938ರ ಡಿಸೆಂಬರಿನಲ್ಲಿ ಹೊರಬಂದು ಬಹು ಮನ್ನಣೆಯನ್ನು ಪಡೆಯಿತು. ಪ್ರೊಕೋಫಿಯೆವನು ಅದರ ಸಂಗೀತವನ್ನು ಏಳು ಭಾಗಗಳ ಗಾನಪ್ರಬಂಧವಾಗಿ ಪರಿಷ್ಕರಿಸಿ 1939ರ ಮೇ ತಿಂಗಳಲ್ಲಿ ಮಾಸ್ಕೋವಿನಲ್ಲಿ ನುಡಿಸಿದನು. ಅದೇ ವರ್ಷದ ಆಗಸ್ಟ್ 23ರಂದು ರಷ್ಯಾವೂ ಜರ್ಮನಿಯೂ ಒಪ್ಪಂದ ಮಾಡಿಕೊಂಡವು. ನಿನ್ನೆಯ ಶತ್ರುವು ಇಂದಿನ ಮಿತ್ರನಾದುದರಿಂದ ಚಿತ್ರವನ್ನು ಪ್ರದರ್ಶನದಿಂದ ಹಿಂತೆಗೆಯಲಾಯಿತು. 1941ರ ಜೂನ್ 22ರಂದು ಜರ್ಮನಿಯು ದಂಡೆತ್ತಿ ಬಂದೊಡನೆ ಅದೇ ಚಿತ್ರವು ಮತ್ತೆ ಬೆಳಕಿಗೆ ಬಂದಿತು. ಒಂದು ಸ್ವರವೂ ಬದಲಾಗಿರಲಿಲ್ಲ, ಬದಲಾದುದು ರಾಜನೀತಿ.

ಇದೇ ಇಬ್ಬರು ‘ಭಯಂಕರ ಇವಾನ್’ ಎಂಬ ಚಿತ್ರದಲ್ಲಿ ಮತ್ತೆ ಕೂಡಿದರು. ಯುದ್ಧಕಾಲದಲ್ಲಿ ದೂರದ ಅಲ್ಮಾ ಅತಾ ನಗರದಲ್ಲಿ ಅದರ ಚಿತ್ರೀಕರಣವು ನಡೆಯಿತು. ಮೊದಲನೆಯ ಭಾಗಕ್ಕೆ 1946ರಲ್ಲಿ ಸ್ಟಾಲಿನ್ ಪಾರಿತೋಷಕವು ದೊರೆಯಿತು. ಎರಡನೆಯ ಭಾಗದಲ್ಲಾದರೋ ಇವಾನನು ಸಂಶಯಗ್ರಸ್ತನೂ ಏಕಾಕಿಯೂ ಆದ ದೊರೆ. ಆತನ ಅಂಗರಕ್ಷಕರು ಉನ್ಮತ್ತರಾಗಿ ಕುಣಿಯುವ ವರ್ಣದೃಶ್ಯಕ್ಕೆ ಪ್ರೊಕೋಫಿಯೆವನು ಮುಂಚಿತವಾಗಿಯೇ ಸಂಗೀತವನ್ನು ರಚಿಸಿಕೊಟ್ಟಿದ್ದನು. ಉತ್ಸವವು ಹತ್ಯೆಯ ಕಡೆಗೆ ಸಾಗುವ ಭೀತಿಯು ಆ ಲಯದಲ್ಲಿಯೇ ಅಡಗಿದೆ. ಕನ್ನಡಿಯಲ್ಲಿ ಕಂಡ ಮುಖವು ಆಳುವವರಿಗೆ ರುಚಿಸಲಿಲ್ಲ. 1946ರ ಸೆಪ್ಟೆಂಬರಿನಲ್ಲಿ ಪಕ್ಷದ ಕೇಂದ್ರಸಮಿತಿಯು ಆ ಭಾಗವನ್ನು ಖಂಡಿಸಿತು. 1947ರ ಫೆಬ್ರವರಿಯಲ್ಲಿ ಸ್ಟಾಲಿನ್ನನು ಐಸೆನ್‌ಸ್ಟೈನನನ್ನು ಕರೆಸಿ ಇವಾನನನ್ನು ಹೇಗೆ ಚಿತ್ರಿಸಬೇಕೆಂದು ತಾನೇ ಬೋಧಿಸಿದನು. ಹೃದ್ರೋಗದಿಂದ ಜರ್ಜರಿತನಾಗಿದ್ದ ನಿರ್ದೇಶಕನು ತಿದ್ದುಪಡಿಯನ್ನು ಮಾಡದೆಯೇ 1948ರ ಫೆಬ್ರವರಿ 11ರಂದು, ತನ್ನ ಐವತ್ತನೆಯ ವಯಸ್ಸಿನಲ್ಲಿ, ತೀರಿಕೊಂಡನು. ಅದರ ಹಿಂದಿನ ದಿನವೇ ಪ್ರೊಕೋಫಿಯೆವನ ಸಂಗೀತವು ಜನವಿರೋಧಿಯೆಂದು ದೂಷಿಸುವ ನಿರ್ಣಯವು ಹೊರಟಿತ್ತು. ಪ್ರೊಕೋಫಿಯೆವನು 1953ರ ಮಾರ್ಚ್ 5ರಂದು ಮೃತನಾದನು; ಸ್ಟಾಲಿನ್ನನು ಸತ್ತುದೂ ಅದೇ ದಿನ. ನಿಷಿದ್ಧವಾಗಿದ್ದ ಎರಡನೆಯ ಭಾಗವು 1958ರಲ್ಲಿ ಜನರ ಮುಂದೆ ಬಂದಿತು.

ಹಾಗೆಂದು ಕಲೆಯು ಸರ್ವಥಾ ನಿರ್ದೋಷವೆಂದು ಹೇಳುವುದು ಇತಿಹಾಸಕ್ಕೆ ಒಪ್ಪದು. ನೆವ್‌ಸ್ಕಿಯ ಜಯಘೋಷವು ಒಬ್ಬ ನಿರಂಕುಶ ಪ್ರಭುವಿಗೂ ಬಲವನ್ನು ತಂದಿತ್ತು. ಆ ಪ್ರಭುವಿನ ಸೆರೆಮನೆಗಳಲ್ಲಿ ನರಳಿದವರ ಕಿವಿಗೆ ಅದು ಹೇಗೆ ಕೇಳಿಸುತ್ತಿತ್ತೆಂಬುದನ್ನು ವಿಚಾರವಂತರು ಮರೆಯಲಾಗದು. ಆದರೆ ಅದೇ ಕೃತಿಯೊಳಗಿನ ಶೋಕಗೀತವು ಯಾವ ಒಪ್ಪಂದಕ್ಕೂ ಕಟ್ಟುಬಿದ್ದುದಲ್ಲ. ಸೋವಿಯತ್ ರಾಜ್ಯವು 1991ರಲ್ಲಿ ಕೊನೆಗಂಡಿತು; ಆ ಗೀತವನ್ನು ಇಂದಿಗೂ ನಾನಾದೇಶಗಳ ಸಭಾಮಂದಿರಗಳಲ್ಲಿ ಹಾಡುತ್ತಾರೆ. ಕೇಳುವವರಲ್ಲಿ ಜರ್ಮನರೂ ಇರುತ್ತಾರೆ. ರಣರಂಗದಲ್ಲಿ ಬಿದ್ದ ಮಗನನ್ನು ನೆನೆಯಲು ತಾಯಿಯಾದವಳು ಆ ಹೆಣ್ಣಿನ ಭಾಷೆಯನ್ನು ಕಲಿಯಬೇಕಾಗಿಲ್ಲ.